ಮಗ್ಗ ಯಾವಾಗ ತುಳೀಬೇಕು

ತೊಟ್ಟು, ಮತ್ತೊಂದು ತೊಟ್ಟು, ಎದುರಿನ ಅಂಗಡಿ ಏಸಿ ನೀರು ಕಟ್ಟಿ ಮ್ಯಾಲೆ ಬೀಳಾಕತ್ತೈತಿ, ಕರೇ ನಾಯಿ ಒಂದು ನಾಲಿಗಿ ಚಾಚಿ ಕುಂತೈತಿ, ಬಿದ್ದದ್ದನ್ನ ನೆಕ್ಕತೈತಿ, ಮುಂದಿನ ತೊಟ್ಟಿಗೆ ಕಾಯತೈತಿ, ಇದs ಈಗಿನ ಹಳ್ಳ, ಇದs ಈಗಿನ ಕೆರಿ, ಒಳಗ ಯಾರೋ ತಂಪಾಗಿ ಕುಂತು ಹೊರಗಿನ ಮಂದಿಗೆ ಬಿಸಿ ಉಗುಳಬೇಕು, ಅವರ ತಂಪಿನ ಎಂಜಲು ನಾಯಿಗೆ, ನೆಕ್ಕಲೇ, ನೆಕ್ಕು — ರೋಣದ ಬಸ್‌ಸ್ಟ್ಯಾಂಡ್ ಹಿಂದಿನ ಲ್ಯಾಬಿನ ಬಾಕಿನ ಮ್ಯಾಲೆ ನಾ ಕುಂತೀನಿ, ನಮ್ಮೂರು ಗಜೇಂದ್ರಗಡದಾಗ ಲ್ಯಾಬ್ ಇಲ್ಲಂತಲ್ಲ, ಅಲ್ಲಿ ರಕ್ತ ತಗಿಯೋ ಹುಡುಗಿ ನಮ್ಮ ಓಣಿ ಸೊಸಿ, ಸಂಜಿಯೊಳಗ ಎಲ್ಲಾ ಮಗ್ಗಕ್ಕೂ ಸುದ್ದಿ ಮುಟ್ಟತೈತಿ, ಕಳಕೇಶ ಡಬ್ಬಿ ಕೊಟ್ಟು ಬಂದ್ನಂತ, ಕಳಕೇಶನ ಬೀಜ ಎಣಸಾಕತ್ತಾರಂತ. ಡಬ್ಬಿ ಕೊಟ್ಟೀನಿ, ಸಣ್ಣ ಪ್ಲಾಸ್ಟಿಕ್ ಡಬ್ಬಿ, ಸಂಡಾಸದ ಗೋಡಿಗೆ ಮಾರಿ ಮಾಡಿ ಕಣ್ಣು ಮುಚ್ಚಿ ಸುವರ್ಣಾನ ಮಾರಿ ನೆನಸಬೇಕಂದ್ರ ಮಾರಿ ಬರವಲ್ದು, ಹೆಂಡತಿ ಮಾರಿ ಮರೀತಾರೇನು ಯಾರರ, ಆಕಿ ಕಾಲು ಬಂದ್ವು, ನಾ ಕಾಲು ಇಳಿಬಿಟ್ಟು ಕುಂತು ನೇಯೂ ಮಗ್ಗದ ಕುಣಿ ಅಂಚಿಗೆ ಬಂದು ನಿಂತ ಕಾಲು, ಒಡದ ಹಿಮ್ಮಡ, ಸಡ್ಲಾದ ಕಾಲುಂಗುರ. ಸ್ವಲ್ಪ ಹೊತ್ತು ಹೊರಗ ಕುಂದ್ರು ತಮ್ಮಾ, ಕರೀತೀನಿ, ಅಂದ ಲ್ಯಾಬಿನವ. ಕುಂತೀನಿ. ಆ ಡಬ್ಬಿಯೊಳಗ ಜೀವ ಇದ್ರ ಸುವರ್ಣಾನ ಹೊಟ್ಟ್ಯಾಗಿನದು ನಂದು. ಇರಲಿಲ್ಲಂದ್ರ — ಇರಲಿಲ್ಲಂದ್ರ ಏನೂ ಗೊತ್ತಾಗೂದಿಲ್ಲೋ ಹುಚ್ಚಾ, ಈಗ ಇಲ್ಲಂದ್ರ ಆಗ ಇರಲಿಲ್ಲಂತ ಅರ್ಥ ಅಲ್ಲ, ಅಂತ ನಿನ್ನೆ ಫರ್ಜಾನಾ ಬೈದ್ಲು, ಆಶಾ ಕಾರ್ಯಕರ್ತೆ ಫರ್ಜಾನಾ, ನನ್ನನ್ನ ಮಕ್ಕಳಾಗದಂಗ ಮಾಡೂ ಆಪರೇಷನ್ ಶಿಬಿರಕ್ಕ ಕರಕೊಂಡು ಹೋದಾಕಿ ಆಕಿನs, ಓಣ್ಯಾಗ ಅದನ್ನ ಮಾಡಿಸ್ಕೊಂಡ ಮೊದಲನೇ ಗಂಡಸು ನಾನs, ಮೊದಲನೇವ, ಕಡೇದವನೂ ನಾನs ಆಗತೀನೇನೋ.

ಯಾಕ ಮಾಡಿಸ್ಕೊಂಡಿ ಅಂತ ಕೇಳ್ರಿ, ಯಾರೂ ಕೇಳಲಿಲ್ಲ, ಎಲ್ಲಾರೂ ಹ್ಯಾಂಗ ಕೊಯ್ದ್ರು ಅಂತ ಕೇಳಿದ್ರು. ನಮ್ಮ ಓಣಿ ನೋಡಿದವರಿಗೆ ಹೇಳಬೇಕಾಗಿಲ್ಲ, ಅಪ್ಪ ಇದ್ದಾಗ ನಸಕಿನ್ಯಾಗ ಹಾಸು ಬಿಡತಿದ್ರು, ನಾಕೈದು ಸೀರಿ ಉದ್ದದ ನೂಲು, ಈ ತುದಿ ಬೇವಿನ ಗಿಡದಿಂದ ಆ ತುದಿ ಹನುಮಪ್ಪನ ಗುಡಿ ತನಕ ಬಿಗದು ಕಟ್ಟಿ ಗಂಜಿ ಹಚ್ಚತಿದ್ರು, ಎರಡೂ ಮಗ್ಗಲ ಹೆಣಮಕ್ಕಳು ಕುಂಚ ಎಳಕೋಂತ ಹೋಗತಿದ್ರು, ಬಿಸಲು ಏರೂದರಾಗ ನೂಲು ಒಣಗಿ ತಂತಿಯಂಗ ಆಗತಿತ್ತು, ಆ ಹೊತ್ತಿನ್ಯಾಗ ಓಣಿ ಅಡ್ಡ ಯಾರೂ ದಾಟತಿರಲಿಲ್ಲ, ನಾಯಿ ಸುದ್ದಾ ಬಗ್ಗಿ ಹೋಗತಿತ್ತು. ಈಗ ಓಣಿ ಎಲ್ಲೈತಿ, ಹುಡುಕಿ ಕೊಡ್ರಿ, ಒಂದು ಮನಿ ಮೂರಾತು, ಮೂರು ಏಳಾತು, ಒಬ್ಬ ಕಟ್ಟಿ ಮುಂದ ತಂದ, ಒಬ್ಬ ಮೆಟ್ಟಲ ತಂದ, ಇನ್ನೊಬ್ಬ ಮೆಟ್ಟಲ ಕೆಳಗ ಸಂಡಾಸ ಕಟ್ಟಿದ, ಎಲ್ಲಾರ ಬಾಗಲಾಗೂ ನೀಲಿ ಬ್ಯಾರಲ್ಲು, ಯಾಕಂದ್ರ ನಳ ಯಾವತ್ತ ಬರತೈತಿ ಯಾರಿಗೂ ಗೊತ್ತಿಲ್ಲ, ಬ್ಯಾರಲ್ ಮುಂದ ಬೈಕು, ಬೈಕ್ ಮ್ಯಾಲೆ ಹುಡುಗ್ರು, ಬೈಕ್ ಕೆಳಗೂ ಹುಡುಗ್ರು. ಹೋದ ವರ್ಷ ನಾ ಕಡೇ ಸಲ ಹಾಸು ಬಿಟ್ಟೆ, ನೆಟ್ಟಗ ಹಿಡೀಲಿಲ್ಲ, ನಮ್ಮ ಓಣಿ ಯಮನೂರಸಾಬನ ಮನಿ ಮೂಲಿಗೆ ಬಾಗಿಸಿ ಕಟ್ಟಿದೆ, ಅಂವಾ ಪಾಪ ಬಾಗಲದಾಗಿನ ಮಂಚ ಒಳಗ ಇಟ್ಟು ಜಾಗ ಕೊಟ್ಟ, ಬಿಸಲು ಬಿದ್ದಿತ್ತು, ನೂಲು ಇನ್ನೂ ಹಸಿ, ಒಬ್ಬ ಬೈಕಿನವ ಬಂದ, ಹಾರ್ನು, ಹಾರ್ನು, ಸರೀರಿ ಡ್ಯೂಟಿಗೆ ಹೊತ್ತಾಗೇತಿ, ಸುವರ್ಣಾ ಒಂದ ನಿಮಿಷ ಯಣ್ಣಾ ಅನ್ನೂದರಾಗ ಗಾಲಿ ನೂಲಿನೊಳಗ, ಪಟಪಟ ಪಟಪಟ, ಹಾಸು ಪೂರಾ ಗಾಲಿಗೆ ಸುತ್ತಿತು, ಅಂವಾ ಇಳದು ನನಗs ಬೈದ, ರೋಡ್ ನಿಮ್ಮಪ್ಪಂದೇನಲೇ. ಹೌದಲೇ, ನಮ್ಮಪ್ಪಂದ ಇತ್ತು, ನಸಕಿನ ಆ ಎರಡು ತಾಸು ನಮ್ಮಪ್ಪಂದs ಇತ್ತು — ಅವತ್ತು ಕೈಯಾಗ ಹರದ ನೂಲು ಹಿಡಕೊಂಡು ನಿಂತಲ್ಲೇ ತೀರ್ಮಾನ ಮಾಡಿದೆ, ಈ ಓಣಿಗೆ ನನ್ನಿಂದ ಇನ್ನೊಂದು ಜೀವ ಬ್ಯಾಡ, ಎರಡು ಹುಡುಗ್ಯಾರು ಅದಾವ, ಶ್ವೇತಾ ಮತ್ತ ಸಣ್ಣಾಕಿ, ಸಾಕು. ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟವ ನಾನು, ನನಗೇನು ತಿಳೀತೈತಿ, ಆದ್ರ ಮೊಬೈಲನ್ಯಾಗ ಒಂದು ಗಡಿಯಾರ ಐತಿ, ಮಂದಿ ಗಡಿಯಾರ, ಜಗತ್ತಿನ ಜನ ಕೆಂಪು ಅಂಕಿಯೊಳಗ ಓಡತಾರ, ಎಂಟನೂರು ಕೋಟಿ ದಾಟಿ ಓಡಾಕತ್ತೈತಿ, ಲಾಳಿ ಆ ಕಡಿಂದ ಈ ಕಡಿಗೆ ಬರೂದರಾಗ ಕಡೇ ಅಂಕಿ ಕಣ್ಣಿಗೆ ಹಿಡೀದಂಗ ಬದಲಾಗಿರತೈತಿ, ಅದನ್ನ ಮಗ್ಗದ ಕಂಬಕ್ಕ ಒರಗಿಸಿಟ್ಟು ನೇಯತಿದ್ದೆ, ಸುವರ್ಣಾ ಬಂದು ಅದನ್ನ ಬಂದ್ ಮಾಡ್ರಿ, ಎದಿ ಒಡೀತೈತಿ ಅಂತಿದ್ಲು. ಅಣ್ಣ ಫಕ್ಕೀರಪ್ಪ ಕಟ್ಟಿ ಮ್ಯಾಲೆ ಕುಂತು ಹೇಳತಾನ, ಇವರಿಂದs ಮಂದಿ ಹೆಚ್ಚಾಗಿದ್ದು, ಅಂತ ಯಮನೂರಸಾಬನ ಮನಿ ಕಡೆ ಕೈ ತೋರಸತಾನ, ಯಮನೂರಸಾಬಗ ಎರಡ, ಇವಗ ಐದು, ತೋರಸೂ ಕೈಯಾಗ ಎಷ್ಟ ಬೆರಳೋ ಅಷ್ಟ ಮಕ್ಕಳು, ಅಂತ ನಾ ಅಂದೆ, ಅವತ್ತಿನಿಂದ ನನ್ನ ಸಂಗಟ ಚಾ ಕುಡೀಲಿಲ್ಲ.

ನಾ ಮಾಡಿಸ್ಕೋತೀನ್ರಿ, ಎಲ್ಲಾ ಹೆಣಮಕ್ಕಳೂ ಮಾಡಿಸ್ಕೋತಾರ, ಅಂದಿದ್ಲು ಸುವರ್ಣಾ. ನಿನ್ನ ಮೈಯಾಗ ರಕ್ತ ಎಲ್ಲೈತಿ, ಸಣ್ಣಾಕಿನ್ನ ಹಡದಾಗ ಸಾವಿನ ಬಾಗಲಕ್ಕ ಹೋಗಿ ಬಂದಿ, ನಾ ಮಾಡಿಸ್ಕೋತೀನಿ ತಗೋ ಅಂದೆ, ಆಕಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಲು, ಖರೇನs? ಗಂಡಸರು ಹೋಗತಾರೇನ್ರಿ ಅದಕ್ಕ? ಮರುದಿನ ನೀರಿನ ಪಾಳಿಯೊಳಗ ಎಲ್ಲಾರ ಮುಂದೂ ಹೇಳಿಬಿಟ್ಟಾಳ, ನಮ್ಮನಿಯವರು ನನಗ ಚಾಕು ಮುಟ್ಟಸಗೊಡೂದಿಲ್ಲಂತ, ಹೇಳಿದಾಗ ಆಕಿ ಮಾರಿ ಹ್ಯಾಂಗಿತ್ತು ನಾ ನೋಡಲಿಲ್ಲ, ನೋಡಬೇಕಿತ್ತು. ಅವ್ವ ಶಿಬಿರದ ಗೇಟಿಗೆ ಬಂದು ಎದಿ ಬಡಕೊಂಡ್ಲು, ಮುದುಕವ್ವನ ದನಿ ಅಂದ್ರ ದನಿ, ಗಂಡು ಹುಟ್ಟೂಕಿಂತ ಮೊದ್ಲ ಕೊಯ್ಸಿಕೊಂಡೆಲ್ಲೋ ಮಗನs, ನಿಮ್ಮಪ್ಪನ ಮಗ್ಗಕ್ಕ ಯಾರು ಇಳೀಬೇಕು. ಅಣ್ಣ ನಕ್ಕ, ಹೋರಿ ಎತ್ತಾತು ಬಿಡವ್ವಾ, ಎತ್ತು ಕುಣ್ಯಾಗ ಇಳೀತೈತೋ ಇಲ್ಲೋ ನೋಡಬೇಕು, ಕಾಲಾಗ ಕಸುವು ಉಳೀತೈತೋ ಇಲ್ಲೋ. ಇಡೀ ಓಣಿಗೆ ಅದೊಂದs ಅಂಜಿಕಿ, ನನಗೂ ಅದs, ಒಳಗೊಳಗ ನನಗೂ ಅದs, ಕುಣಿಮಗ್ಗದವಗ ಕಾಲು ಹೋದ್ರ ಏನುಳೀತು, ಕೈ ಲಾಳಿ ಒಗದ್ರೂ ಕಾಲು ಹಲಗಿ ತುಳೀದಿದ್ರ ಎಳಿ ಬಾಯಿ ಬಿಡೂದಿಲ್ಲ. ಅದಕ್ಕ ಮಂಚದ ಮ್ಯಾಲಿಂದ ಇಳದ ಕೂಡ್ಲೇ ಡಾಕ್ಟರ್‌ಗೆ ಕೇಳಿದ್ದು ಒಂದs ಮಾತು, ಮಗ್ಗ ಯಾವಾಗ ತುಳೀಬೇಕ್ರಿ? ಒಂದು ವಾರ ಬಿಟ್ಟು ತುಳಿ. ಒಂದು ವಾರ! ಹೊರಗ ಬಂದು ಹೇಳಿದೆ, ಒಂದು ವಾರಂತ, ಅವ್ವ ಅಳೂದು ನಿಲ್ಲಿಸಿದ್ಲು, ಒಂದು ವಾರಾದ ಮ್ಯಾಲೆ ಎಲ್ಲಾ ಮೊದ್ಲಿನಂಗ ಅಂತ ಓಣಿ ತುಂಬ ಆತು, ನನ್ನ ತಲಿಯೊಳಗೂ ಅದs ಆತು, ಒಂದು ವಾರ, ಮುಗೀತು, ಎಲ್ಲಾದಕ್ಕೂ ಒಂದು ವಾರ. ಅದರ ಹಿಂದs ನರ್ಸ್ ಏನೋ ಹೇಳಾಕತ್ತಿದ್ಲು, ಮೂರು ತಿಂಗಳು, ನಿರೋಧ, ಆಮ್ಯಾಲ ಒಮ್ಮೆ ಪರೀಕ್ಷಾ ಮಾಡಿಸ್ಕೋಬೇಕು, ಫರ್ಜಾನಾ ಸುದ್ದಾ ತಿಳೀತೇನ ಕಳಕೇಶಣ್ಣಾ ಅಂತ ಎರಡು ಸಲ ಕೇಳಿದ್ಲು, ಹೂಂ ಹೂಂ ಅಂದೆ, ಕಣ್ಣು ನನ್ನ ಕಾಲಿನ ಮ್ಯಾಲಿತ್ತು, ನಡಗತೈತೇನೋ ಅಂತ. ಅವರು ಕೊಟ್ಟ ನಿರೋಧದ ಪಾಕೀಟು ಗೂಡಿನ್ಯಾಗ ಇಟ್ಟಿದ್ದೆ, ಶ್ವೇತಾ ತಗೊಂಡು ಪುಗ್ಗಾ ಮಾಡಿ ಊದಿ ಓಣ್ಯಾಗ ಓಡ್ಯಾಡಿದ್ಲು, ಅಣ್ಣನ ಮಕ್ಕಳು ನನಗೊಂದು ನನಗೊಂದು ಅಂತ ಆಕಿ ಬೆನ್ನು ಹತ್ತಿದ್ವು, ಸುವರ್ಣಾ ನಾಚಿಕಿಲೆ ಸತ್ತ್ಲು, ಅವ್ವ ಉಳಿದದ್ದನ್ನ ಒಲಿಗೆ ಹಾಕಿದ್ಲು, ಹೋಗಲಿ ಬಿಡು ಅಂದೆ, ಕೊಯ್ದ ಮ್ಯಾಲೆ ಅವು ಯಾಕ, ಕತ್ತರಿಸಿದ ಎಳಿ ಮುಂದ ಹೋಗತೈತೇನು, ನೇಕಾರಗ ಹೇಳಬೇಕೇನು ಅದನ್ನ, ಸರಕಾರದವರು ಬಂದವರಿಗೆಲ್ಲ ಹಂಚತಾರ, ಹಂಚಿರಬೇಕು. ವಾರ ಬಿಟ್ಟು ಕುಣಿಗೆ ಇಳದೆ, ಕಾಲು ಮೊದ್ಲಿನಂಗs ಇದ್ವು, ಓಣಿ ಮಂದಿ ಕಿಡಕ್ಯಾಗ ಹಣಿಕಿ ನೋಡಿದ್ರು, ತುಳೀತಾನಲೇ ತುಳೀತಾನ, ಸುವರ್ಣಾ ಸಕ್ಕರಿ ಹಂಚಿದ್ಲು, ಸಕ್ಕರಿ!

ಮತ್ತ ಎರಡು ತಿಂಗಳಾಗೂದರಾಗ ಆಕಿ ಕಾಲು ಕುಣಿ ಅಂಚಿಗೆ ಬಂದು ನಿಂತದ್ದು, ನಾ ಕೆಳಗ, ಆಕಿ ಮ್ಯಾಲೆ, ಮಧ್ಯಾಹ್ನ, ನೂಲು ಸೆಕಿಗೆ ಹರೀಯೂ ಹೊತ್ತು, ಮೊದಲೆಲ್ಲ ಕುಣ್ಯಾಗ ಒಂದು ಕೊಡ ನೀರು ಸುರವಿದ್ರ ದಿನಾಪೂರ್ತಿ ತಂಪು ಇರತಿತ್ತು, ಈಗ ಆ ಕೊಡ ಕುಡಿಯಾಕs ಬೇಕು, ಹತ್ತು ಹೊಡದ ಮ್ಯಾಲೆ ನಾಕು ಲಾಳಿಗೊಂದು ಎಳಿ ಹರೀತೈತಿ, ನಮ್ಮೂರ ಪಟ್ಟೆದಂಚಿನ ಸೀರಿ ಗಂಟಿನಂಚಿನ ಸೀರಿ ಆಗತೈತಿ, ನಾ ಬಗ್ಗಿ ಗಂಟು ಹಾಕಾಕತ್ತಿದ್ದೆ, ರೀ, ದಿನಾ ತಪ್ಪ್ಯಾವ್ರಿ. ಏನು? ದಿನಾ ತಪ್ಪ್ಯಾವು, ನೋಡಿಕೊಂಡೆ, ಎರಡು ಗೆರಿ ಬಂದಾವ. ನಾ ತಲಿ ಎತ್ತಲಿಲ್ಲ. ಗಂಟು ಮುಗಸಿದೆ. ಯಾರದು? ಅಂದೆ. ನಾ ಅಂದ್ನೋ, ನನ್ನ ಬಾಯಾಗ ಕುಂತ ಆ ಕೆಂಪು ಅಂಕಿ ಅಂತೋ, ಡಾಕ್ಟರ್ ಕೊಯ್ದಾನ, ಮಷೀನಿಟ್ಟು ನೋಡಿ ಕೊಯ್ದಾನ, ಅದು ತಪ್ಪೂದಿಲ್ಲ, ಮನಷ್ಯಾರು ತಪ್ಪತಾರ. ಏನಂದ್ರಿ? ಯಾರದು ಅಂದೆ. ಆ ಕಾಲು ಅಲ್ಲೇ ನಿಂತ್ವು, ನಿಂತ್ವು, ನಿಂತs ನಿಂತ್ವು, ನಾ ಕಾಲಿನ ಬೆರಳು ನೋಡಿಕೋಂತ ಅನಿಲಕುಮಾರನ್ನ ನೆನಸಾಕತ್ತಿದ್ದೆ, ನೂಲು ತಂದು ಹಾಕಿ ಸೀರಿ ಒಯ್ಯೋ ಅನಿಲಕುಮಾರ, ಅಕ್ಕಾ ಒಂದು ಗ್ಲಾಸ್ ನೀರು ಕೊಡ್ರಿ ಅಂತ ಬಾಗಲದಾಗ ನಿಲ್ಲೋ ಅನಿಲಕುಮಾರ, ಕೈಯಾಗ ಯಾವಾಗಲೂ ಮೊಬೈಲು, ಅಂಗೀಗೆ ಸೆಂಟು, ಅಂವಾ ನಕ್ಕಾಗ ಆಕಿ ನಕ್ಕಿದ್ಲಲ್ಲ, ನಕ್ಕಿದ್ಲು, ಯಾಕ ನಕ್ಕಿದ್ಲು — ಆಕಿ ಎಲ್ಲಾರಿಗೂ ನಗತಾಳ, ಯಮನೂರಸಾಬನ ಆಡಿಗೂ ನಗತಾಳ, ಈಗ ನೆನಪಾಗತೈತಿ, ಆವಾಗ ಆಗಲಿಲ್ಲ. ಅವ್ವ ಒಳಗಿಂದ ಓಡಿ ಬಂದ್ಲು, ಏ ಕಳಕ್ಯಾ ನಾಲಿಗಿ ಸುಟ್ಟೀತು, ಗುಡ್ಡದ ಕಾಲಕಾಲೇಶ್ವರ ಕೊಟ್ಟಾನ, ನಾ ಬೇಡಿಕೊಂಡಿದ್ದೆ, ನೀ ಕೊಯ್ಸಿಕೊಂಡ ದಿನಾನs ಹೋಗಿ ಹರಕಿ ಹೊತ್ತು ಬಂದಿದ್ದೆ, ಅದು ನಿಂದs ಐತಿ, ಗಂಡs ಐತಿ. ದೇವರು ಹೊಲಿಗಿ ಬಿಚ್ಚತಾನೇನಬೇ ಅಂತ ನಕ್ಕೆ ನಾನು, ಬುದ್ಧಿವಂತ ನಾನು, ಗಡಿಯಾರ ನೋಡೂವ ನಾನು. ಸುವರ್ಣಾ ಅಳಲಿಲ್ಲ, ಜಗಳಾಡಲಿಲ್ಲ, ಒಂದು ಚೀಲ, ಎರಡು ಹುಡುಗ್ಯಾರು, ಶ್ವೇತಾ ಕೇಳಿದ್ಲು ಎಲ್ಲಿಗಬೇ, ಮುಶಿಗೇರಿಗೆ, ಆಯಿ ಮನಿಗೆ, ಅಪ್ಪ ಬರೂದಿಲ್ಲೇನು? ನಿಮ್ಮಪ್ಪಗ ಲೆಕ್ಕ ಮಾಡೂದೈತಿ, ಅಂದ್ಲು.

ನಿನ್ನೆ ಸಂಜಿಮುಂದ ಫರ್ಜಾನಾ ಬಂದ್ಲು, ಕುಣಿ ಅಂಚಿಗೆ ಕುಂತ್ಲು, ನಿನಗ ಬುದ್ಧಿ ಐತೇನೋ ಅಣ್ಣಾ, ನೀರಿನ ಟಾಕಿ ಬಂದ್ ಮಾಡಿದ್ರೂ ಪೈಪಿನ್ಯಾಗ ನಿಂತ ನೀರು ನಳದಾಗ ಬರತೈತೋ ಇಲ್ಲೋ? ಅದು ಖಾಲಿ ಆಗೂ ತನಕ ಮೂರು ತಿಂಗಳು ಹುಷಾರಿರು ಅಂತ ನಾ ಹೇಳಿದ್ದೆ, ನರ್ಸ್ ಹೇಳಿದ್ಲು, ನೀ ಮಗ್ಗ ಮಗ್ಗ ಅಂತ ಕುಂತಿ, ಈಗ ಆಕಿ ಮ್ಯಾಲೆ ಹಾಕ್ತಿಯೇನು, ಮುಂಜಾನೆ ಮೊದಲ ಬಸ್ಸಿಗೆ ಮುಶಿಗೇರಿಗೆ ಹೋಗು, ಕಾಲು ಹಿಡಕೋ, ಕರಕೊಂಡು ಬಾ. ನನಗ ತಿಳೀತು. ತಿಳೀತು, ಖರೇನs ತಿಳೀತು, ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕಿ ಸುದ್ದಾ ಹಂಗs ಅಲ್ಲೇನು, ಹಿಂದ ನೂಲು ಕತ್ತರಿಸಿದ್ರೂ ಸುತ್ತಿಟ್ಟಿದ್ದು ಮುಗಿಯೂ ತನಕ ನೇಯತೈತಿ. ಆದ್ರ ಮುಂಜಾನೆ ಬಸ್‌ಸ್ಟ್ಯಾಂಡಿನ್ಯಾಗ ಎರಡೂ ಬಸ್ಸು ಬಾಜೂಬಾಜೂ ನಿಂತಿದ್ವು, ಒಂದರ ಮ್ಯಾಲೆ ಮುಶಿಗೇರಿ, ಒಂದರ ಮ್ಯಾಲೆ ರೋಣ ನರಗುಂದ, ನಾ ರೋಣದ್ದು ಹತ್ತಿದೆ. ಮೊದ್ಲು ಖಾತ್ರಿ ಆಗಲಿ, ಕೈಯಾಗ ಕಾಗದ ಇರಲಿ, ಆಮ್ಯಾಲ ಹೋಗಿ ಕಾಲು ಹಿಡಿದ್ರಾತು — ಯಾರಿಗೆ ಖಾತ್ರಿ, ನನಗ ಖಾತ್ರಿ, ಆಕಿ ಮಾತಿಗಿಂತ ಗಾಜಿನ ಮಾತು ಹೆಚ್ಚು ನನಗ. ಕಿಡಕ್ಯಾಗ ಗುಡ್ಡ, ಗುಡ್ಡದ ತುಂಬ ಗಾಳಿ ಫ್ಯಾನು, ಬಿಳೀ ಕೈ ತಿರುವತಾವ, ಭೂಮಿ ಉಳಸಾಕ ಬಂದ ಫ್ಯಾನು, ಅವನ್ನ ಏರಸಾಕ ಗುಡ್ಡ ಕೊರದು ದಾರಿ ಮಾಡಿದ್ರು, ಊಳಿಡೂ ತ್ವಾಳ ಇದ್ವು, ಎತ್ತಾಗೋ ಹೋದ್ವು, ಕರೆಂಟ್ ಯಾವೂರಿಗೆ ಹೋಗತೈತೋ, ನಮ್ಮ ಮನ್ಯಾಗಿನ ಫ್ಯಾನು ಮಧ್ಯಾಹ್ನ ನಿಂತಾಗ ಕುಣ್ಯಾಗ ಬೆವತು ಕುಂತು ಕಿಡಕ್ಯಾಗ ಗುಡ್ಡದ ಫ್ಯಾನ್ ತಿರಗೂದು ನೋಡಬೇಕು. ಕುಡಿಯೋ ನೀರಾಗ ಫ್ಲೋರೈಡ್ ವಿಷ, ಅವ್ವನ ಮೊಣಕಾಲು ಬಿಲ್ಲಾದ್ವು, ಅದಕ್ಕೊಂದು ಮಷೀನ್ ಕುಂದ್ರಿಸಿದ್ರು, ಒಂದು ಕೊಡ ಶುದ್ಧ ನೀರಿಗೆ ಒಂದು ಕೊಡ ಗಟಾರಕ್ಕ. ಸವಡಿ ಕಡೆ ಹೆಸರಕಾಳಿನ ಹೊಲದಾಗ ಡ್ರೋನು ಕಳೆ ಸಾಯೂ ಎಣ್ಣಿ ಹೊಡಿಯಾಕತ್ತಿತ್ತು, ಕಳೆ ತಗಿಯೋ ಹೆಣಮಕ್ಕಳು ಬದುವಿನ ಮ್ಯಾಲೆ ಮೂಗು ಮುಚ್ಕೊಂಡು ನಿಂತು ನೋಡಾಕತ್ತಿದ್ರು, ಸುವರ್ಣಾ ಸಣ್ಣಾಕಿದ್ದಾಗ ಅದನ್ನs ಮಾಡತಿದ್ಲು, ಕೂಲಿನೂ ಹೋತು, ಗುಬ್ಬಿನೂ ಹೋದ್ವು, ಡ್ರೋನ್ ಗುಬ್ಬಿಯಂಗ ಹಾರತೈತಿ. ಬಾಜೂ ಕುಂತ ನರಗುಂದದ ಮುತ್ಯಾ ಅದನ್ನ ನೋಡಿ ಅಂದ, ನಮ್ಮ ಕಡೆ ಕಾಲುವಿ ಬಂದಾಗ ನಾವೂ ಹಿಂಗs ಬಾಯಿ ತಗದು ನೋಡಿದ್ವೆಪಾ, ಕುಣದ್ವಿ, ನೀರು ಬಿಟ್ಟs ಬಿಟ್ವಿ, ಈಗ ನಂದು ಎರಿ ಹೊಲ ಬೆಳ್ಳಗ ಉಪ್ಪು ಕಾರೈತಿ, ನೀರಿಲ್ಲದ ಸತ್ತ ಹೊಲ ನೋಡೀದಿ, ನೀರು ಕುಡದು ಸತ್ತ ಹೊಲ ನೋಡಬೇಕಂದ್ರ ನಮ್ಮೂರಿಗೆ ಬಾ. ನಕ್ಕ, ಹಲ್ಲಿಲ್ಲ. ನಿನಗೆಷ್ಟ ಮಕ್ಳು? ಎರಡು ಅಂದೆ. ಎರಡs ಅಂದ್ನಲ್ಲ, ಈಗ ಸುದ್ದಾ ಎರಡs ಅಂದ್ನಲ್ಲ —

ಕಳಕೇಶ ಯಾರು? ಬಾರಪಾ ಒಳಗ. ಲ್ಯಾಬಿನವನ ಮಾರಿ ತುಂಬ ನಗಿ, ಮಕ್ಕಳಾಗವಲ್ವು ಅಂತ ಬಂದೀಯೇನು, ಮದುವಿಯಾಗಿ ಭಾಳ ದಿನಾತೇನು, ಚಿಂತಿ ಬಿಡು, ಬೇಕಾದಷ್ಟು ಅದಾವ, ಓಡ್ಯಾಡಾಕತ್ತಾವ, ಈ ಬಾಕಿನ ಮ್ಯಾಲಿಂದ ಎದ್ದವರು ಹೆಚ್ಚಿನವರು ಮಾರಿ ಸಣ್ಣ ಮಾಡ್ಕೊಂಡು ಹೋಗತಾರ, ನೀ ಪೇಡೆ ತಂದು ಕೊಟ್ಟು ಹೋಗು, ನೋಡ್ತಿಯೇನು? ನೋಡತೀನಿ ಅಂದೆ. ಒಂದು ಕಣ್ಣು ಮುಚ್ಚಿ ಬಗ್ಗಿದೆ. ಬೆಳಕು, ದುಂಡನೆ ಬೆಳಕು, ಮತ್ತ ಅದರೊಳಗ ಬಾಲ, ಸಣ್ಣ ತಲಿ, ದಾರದಂಥ ಬಾಲ, ಒಂದು ಆ ಕಡೆ, ಎರಡು ಈ ಕಡೆ, ಒಂದನ್ನೊಂದು ಹಾದು, ನೂಕಿ, ಎಲ್ಲಿಗೆ ಹೊಂಟಾವ, ಯಾವ ಓಣಿಗೆ ಹೊಂಟಾವ, ಅವಕ್ಕ ಗೊತ್ತಿಲ್ಲ ಕೊಯ್ಸಿಕೊಂಡೀನಂತ, ಅವಕ್ಕ ಗೊತ್ತಿಲ್ಲ ಎಂಟನೂರು ಕೋಟಿ ಅಂತ, ಅಂಚಿನ್ಯಾಗ ಒಂದs ಒಂದು ಏನಕೋ ಸಿಕ್ಕೊಂಡೈತಿ, ತಲಿ ಅಲುಗವಲ್ದು, ಬಾಲ ಮಾತ್ರ ಬಡೀತೈತಿ, ಬಡೀತೈತಿ. ನಂದು. ನಂದs! ಅಲ್ಲೇ ನಿಂತು ಫೋನ್ ಹಚ್ಚಿದೆ, ಎತ್ತು, ಎತ್ತು ಸುವರ್ಣಾ, ಎತ್ತಿದ್ಲು. ನಂದs ಐತಿ ಸುವರ್ಣಾ, ಪರೀಕ್ಷಾ ಮಾಡಿಸಿದೆ, ನಾನs ನೋಡಿದೆ ಕಣ್ಣಾರೆ, ನಂದs. ನನಗ ಗೊತ್ತಿತ್ತು, ಅಂದ್ಲು. ದನಿ ತಳದಾಗಿತ್ತು, ಹಿಂದ ಯಾರೋ ಸ್ಟೀಲ್ ತಾಟು ಇಟ್ಟ ಸಪ್ಪಳ. ಎಲ್ಲಿದ್ದಿ? ದವಾಖಾನ್ಯಾಗ. ಯಾಕ? ತಗಸಿದೆ, ಈಗ ಸ್ವಲ್ಪ ಹೊತ್ತಾತು, ನಮ್ಮವ್ವ ಅದಾಳ ಸಂಗಟ, ಗಂಡನ ಸಹಿ ಬೇಕೇನ್ರಿ ಅಂತ ಕೇಳಿದೆ, ಬ್ಯಾಡವಾ ನಿಂದೊಂದs ಸಾಕು ಅಂದ್ರು, ಚಲೋ ಅನಿಸ್ತು. ಸುವರ್ಣಾ, ನಾ ಬರತೀನಿ, ಈಗಿಂದೀಗ ಬರತೀನಿ. ಬರಬ್ಯಾಡ. ಹುಡುಗ್ಯಾರನ್ನ ಇಲ್ಲೇ ಸಾಲಿಗೆ ಹಾಕತೀನಿ. ನಿನ್ನೆ ಬಂದಿದ್ರ — ಹೋಗಲಿ, ನಿನ್ನೆ ಬರಲಿಲ್ಲ. ನಿಮ್ಮ ಓಣ್ಯಾಗ ಒಂದಲ್ಲ, ನಾಕು ಜೀವ ಕಡಿಮಿ ಆದ್ವು, ಎಣಿಸ್ಕೋ. ಫೋನ್ ಇಟ್ಲು. ಲ್ಯಾಬಿನವ ಭುಜ ತಟ್ಟಿದ, ಮನಿಯಾಕಿಗೆ ಹೇಳಿದೇನು, ಖುಷಿ ಆದ್ಲೇನು? ಹೂಂ ಅಂದೆ, ಮತ್ತೊಮ್ಮೆ ನೋಡಲ್ಯಾ ಅಂದೆ, ನೋಡೋ ಮಾರಾಯಾ, ನಿಂದs ಐತಿ, ಬಗ್ಗಿದೆ, ಬೆಳಕು, ದುಂಡನೆ ಬೆಳಕು, ಉಳಿದವು ಎತ್ತಾಗೋ ಹೋದ್ವು, ಅಂಚಿನ್ಯಾಗ ಅದೊಂದು, ತಲಿ ಸಿಕ್ಕೊಂಡದ್ದು, ಬಾಲ ಬಡೀತೈತಿ, ನಿಲ್ಲಲೇ, ನಿಲ್ಲು, ಬಡೀತೈತಿ, ಬಾಲ ಬಡೀತೈತಿ, ಬಾಲ